ಇಬ್ಬರು ದಾರಿಹೋಕರ ಲೆಕ್ಕ: ಮಾನ್ಯಖೇಟದಿಂದ ವಿಜಯನಗರಕ್ಕೆ

ಬೆಂಗಳೂರಿನ ವಿಜಯನಗರ, ಅತ್ತಿಗುಪ್ಪೆ, ಚಂದ್ರಾ ಲೇಔಟುಗಳ ಬೀದಿಗಳಲ್ಲಿ ತಲೆಯೆತ್ತಿ ನೋಡಿದರೆ ಅಂಗಡಿಗಳ ಮೇಲಂತಸ್ತಿನಲ್ಲಿ ಕೋಚಿಂಗ್ ಸೆಂಟರುಗಳ ಫಲಕಗಳು ಕಾಣುತ್ತವೆ. ಕೆ.ಎ.ಎಸ್., ಪಿ.ಎಸ್.ಐ., ಎಫ್.ಡಿ.ಎ. ಎಂದು ಒಂದೊಂದು ಫಲಕದಲ್ಲೂ ಪರೀಕ್ಷೆಗಳ ಹೆಸರು. ಕಲಬುರಗಿ, ರಾಯಚೂರು, ಬೀದರ, ವಿಜಯಪುರಗಳಿಂದ ಬಂದ ಯುವಕ ಯುವತಿಯರು ಇಲ್ಲಿ ಬಾಡಿಗೆ ಕೋಣೆಗಳಲ್ಲಿದ್ದು ಓದುತ್ತಾರೆ. ಅವರೆಲ್ಲ ಬಾಯಿಪಾಠ ಮಾಡುವ ಸೂತ್ರಗಳಲ್ಲಿ ರೈಲುಗಳ ಲೆಕ್ಕದ್ದೂ ಒಂದು: ಎದುರುಬದುರು ಬಂದರೆ ವೇಗಗಳನ್ನು ಕೂಡಿಸು, ಒಂದೇ ದಿಕ್ಕಿಗೆ ಹೊರಟರೆ ಕಳೆ. ಪಕ್ಕದ ಬೀದಿಯಲ್ಲಿ ಪಿ.ಯು. ವಿಜ್ಞಾನದ ಮಕ್ಕಳಿಗೆ ಇದೇ ಲೆಕ್ಕದ ಅಣ್ಣನನ್ನು ಕಲಿಸುತ್ತಿರುತ್ತಾರೆ. ಒಂದು ಲಾರಿ ಒಂದೇ ವೇಗದಲ್ಲಿ ಹೋಗುತ್ತಿದೆ, ಒಂದು ಕಾರು ನಿಂತಲ್ಲಿಂದ ಹೊರಟು ಸತತವಾಗಿ ವೇಗ ಹೆಚ್ಚಿಸಿಕೊಳ್ಳುತ್ತಿದೆ, ಎಷ್ಟು ಹೊತ್ತಿಗೆ ಕಾರು ಲಾರಿಯನ್ನು ಹಿಡಿಯುತ್ತದೆ?

ಮೊದಲನೆಯ ಲೆಕ್ಕಕ್ಕೆ ಸಾಪೇಕ್ಷ ವೇಗದ ಲೆಕ್ಕವೆಂದೂ ಎರಡನೆಯದಕ್ಕೆ ಏಕರೂಪ ವೇಗೋತ್ಕರ್ಷದ ಲೆಕ್ಕವೆಂದೂ ಪಠ್ಯಪುಸ್ತಕದ ಹೆಸರು. ಇವೆರಡೂ ರೈಲು, ಕಾರುಗಳ ಜೊತೆಗೆ ಪಶ್ಚಿಮದಿಂದ ಬಂದಿಳಿದವು ಎಂದು ನಮ್ಮಲ್ಲಿ ಬಹಳ ಮಂದಿ ಭಾವಿಸಿದ್ದಾರೆ. ಹಾಗಲ್ಲ. ಮೊದಲನೆಯದು ಇಲ್ಲಿಯೇ 1500 ವರ್ಷಗಳಿಂದ ಬರಹದಲ್ಲಿದೆ. ಎರಡನೆಯದನ್ನು ತೀರ ಹೋಲುವ ಲೆಕ್ಕವೊಂದು ಕನ್ನಡ ನೆಲದ ರಾಜನೊಬ್ಬನ ಕಾಲದಲ್ಲಿ, ಕ್ರಿ.ಶ. 850ರ ಸುಮಾರಿಗೆ ಬರೆದ ಪುಸ್ತಕದಲ್ಲಿದೆ. ಆ ಪುಸ್ತಕದ ಉತ್ತರಕ್ಕೂ ಇಂದಿನ ಪಿ.ಯು. ಉತ್ತರಕ್ಕೂ ಸರಿಯಾಗಿ ‘ಒಂದು’ ವ್ಯತ್ಯಾಸ ಬರುತ್ತದೆ. ಆ ಒಂದರ ಅರ್ಥವೇನೆಂದು ತಿಳಿದರೆ ಚಲನೆಯ ವಿಜ್ಞಾನ ಹೇಗೆ ಬೆಳೆಯಿತೆಂಬುದರ ಅರ್ಧ ಕಥೆ ತಿಳಿದಂತೆ.

ಕೂಡಿಸು, ಕಳೆ

ಕ್ರಿ.ಶ. 499ರ ಸುಮಾರಿಗೆ ಆರ್ಯಭಟ ಬರೆದ ‘ಆರ್ಯಭಟೀಯ’ದ ಗಣಿತಪಾದದಲ್ಲಿ ಎರಡು ಚಲಿಸುವ ವಸ್ತುಗಳ ಭೇಟಿಗೆ ನಿಯಮವಿದೆ. ಎದುರು ದಿಕ್ಕಿನಲ್ಲಿ ಬರುತ್ತಿದ್ದರೆ ನಡುವಿನ ಅಂತರವನ್ನು ವೇಗಗಳ ಮೊತ್ತದಿಂದ ಭಾಗಿಸಬೇಕು. ಒಂದೇ ದಿಕ್ಕಿನಲ್ಲಿದ್ದರೆ ವೇಗಗಳ ವ್ಯತ್ಯಾಸದಿಂದ ಭಾಗಿಸಬೇಕು. ಬಂದದ್ದು ಭೇಟಿಯ ಕಾಲ. ಆರ್ಯಭಟನಿಗೆ ಇದು ಬೇಕಾದದ್ದು ಆಕಾಶದ ಕೆಲಸಕ್ಕೆ. ಎರಡು ಗ್ರಹಗಳು ಯಾವಾಗ ಒಂದೆಡೆ ಸೇರುತ್ತವೆ, ಚಂದ್ರ ಸೂರ್ಯನನ್ನು ಯಾವಾಗ ಹಿಡಿಯುತ್ತಾನೆ ಎಂಬುದನ್ನು ಪಂಚಾಂಗ ಮಾಡುವವನು ಹೇಳಲೇಬೇಕು.

ಕೂಡಿಸುವುದೇಕೆ, ಕಳೆಯುವುದೇಕೆ? ಇಬ್ಬರಲ್ಲಿ ಒಬ್ಬನು ನಿಂತಿದ್ದಾನೆಂದು ಬಗೆದು, ಅವನ ಕಣ್ಣಿನಿಂದ ಇನ್ನೊಬ್ಬನನ್ನು ನೋಡುವುದೇ ಇದರ ಗುಟ್ಟು. 2015ರ ನವೆಂಬರಿನಲ್ಲಿ ವಿಜಯನಗರಕ್ಕೆ ಮೆಟ್ರೊ ಬಂದಮೇಲೆ ಇದನ್ನು ದಿನವೂ ಸಾವಿರಾರು ಜನ ಅನುಭವಿಸುತ್ತಾರೆ. ಪಕ್ಕದ ಹಳಿಯಲ್ಲಿ ಎದುರಿನಿಂದ ಬಂದ ರೈಲು ಕಿಟಕಿಯಾಚೆ ಸರ್‍ರನೆ ಮಾಯವಾಗುತ್ತದೆ. ನಾವು ಸೆಕೆಂಡಿಗೆ 20 ಮೀಟರ್ ಹೋಗುತ್ತಿದ್ದು ಅದೂ ಅಷ್ಟೇ ವೇಗದಲ್ಲಿ ಬಂದರೆ, ನಮ್ಮ ಸೀಟಿನಿಂದ ಕಾಣುವ ವೇಗ 40. ಅದೇ ಎರಡು ರೈಲುಗಳು ಒಂದೇ ದಿಕ್ಕಿಗೆ ಒಂದೇ ವೇಗದಲ್ಲಿ ಹೋದರೆ ಆಚೆಯ ರೈಲಿನ ಪ್ರಯಾಣಿಕ ನಮ್ಮ ಪಕ್ಕದಲ್ಲೇ ಕುಳಿತಂತೆ ಕಾಣುತ್ತಾನೆ.

ಆರ್ಯಭಟ ಈ ಯೋಚನೆಯನ್ನು ಲೆಕ್ಕದಲ್ಲಿಯೇ ಬಿಡಲಿಲ್ಲ. ಅದೇ ಪುಸ್ತಕದ ಗೋಲಪಾದದಲ್ಲಿ ದೋಣಿಯ ಉಪಮೆಯೊಂದು ಬರುತ್ತದೆ. ಮುಂದಕ್ಕೆ ಸಾಗುವ ದೋಣಿಯಲ್ಲಿ ಕುಳಿತವನಿಗೆ ದಡದ ಮೇಲಿನ ನಿಂತ ವಸ್ತುಗಳು ಹಿಂದಕ್ಕೆ ಹೋದಂತೆ ಕಾಣುತ್ತವೆ. ಹಾಗೆಯೇ ನಿಶ್ಚಲವಾದ ನಕ್ಷತ್ರಗಳು ಪಶ್ಚಿಮಕ್ಕೆ ಸರಿದಂತೆ ನಮಗೆ ಕಾಣುತ್ತವೆ ಎಂದು ಅವನು ಹೇಳಿದ. ಎಂದರೆ ತಿರುಗುತ್ತಿರುವುದು ಭೂಮಿ. 628ರಲ್ಲಿ ಬ್ರಹ್ಮಗುಪ್ತ ಇದನ್ನು ಖಂಡಿಸಿದ. ಆರ್ಯಭಟನ ಕೆಲವು ವ್ಯಾಖ್ಯಾನಕಾರರೂ ಮುಜುಗರಪಟ್ಟು ಶ್ಲೋಕಕ್ಕೆ ಬೇರೆ ಅರ್ಥ ಹೇಳಿದರು.

ಈ ವಾದ ಭಾರತದ ಗಡಿಯೊಳಗೆ ಉಳಿಯಲಿಲ್ಲ. ಖಲೀಫ ಅಲ್-ಮನ್ಸೂರನ ಕಾಲದಲ್ಲಿ ಭಾರತದ ಜ್ಯೋತಿಷ ಗ್ರಂಥವೊಂದು ಬಾಗ್ದಾದಿಗೆ ಹೋಗಿ ಅರಬ್ಬಿಗೆ ಬಂದಿತು. ಮುಂದೆ 1030ರ ಸುಮಾರಿಗೆ ಭಾರತದ ಬಗ್ಗೆ ದೊಡ್ಡ ಗ್ರಂಥ ಬರೆದ ಅಲ್-ಬಿರೂನಿ, ಆರ್ಯಭಟನ ಅನುಯಾಯಿಗಳ ಮತವನ್ನೂ ಬ್ರಹ್ಮಗುಪ್ತನ ಆಕ್ಷೇಪವನ್ನೂ ಎದುರುಬದುರಿಟ್ಟು ನೋಡಿದ. ಭೂಮಿ ತಿರುಗುತ್ತದೆಂದು ಒಪ್ಪಿದರೂ ಖಗೋಳದ ಲೆಕ್ಕಕ್ಕೆ ಯಾವ ಬಾಧೆಯೂ ಇಲ್ಲ, ಆಕಾಶದಲ್ಲಿ ಕಾಣುವುದನ್ನೆಲ್ಲ ಎರಡು ಬಗೆಯಲ್ಲೂ ವಿವರಿಸಬಹುದು ಎಂಬುದು ಅವನ ತೀರ್ಮಾನ. ಕಣ್ಣಿಗೆ ಕಾಣುವ ಚಲನೆಯೊಂದರಿಂದಲೇ ಯಾರು ಚಲಿಸುತ್ತಿದ್ದಾರೆಂದು ನಿರ್ಧರಿಸಲಾಗದು ಎಂಬ ಈ ಮಾತು ಸಾಪೇಕ್ಷ ಚಲನೆಯ ತಿರುಳು. ಬಿರೂನಿ ಯಾವ ಪಕ್ಷವನ್ನೂ ಗೆಲ್ಲಿಸಲು ಹೊರಟವನಲ್ಲ. ಪ್ರಶ್ನೆ ಎಷ್ಟು ಕಠಿಣವೆಂಬುದನ್ನು ಒಪ್ಪಿಕೊಂಡವನು.

ಅಮೋಘವರ್ಷನ ಕಾಲದ ಪುಸ್ತಕ

ಈಗ ನಮ್ಮ ನೆಲಕ್ಕೆ ಬರೋಣ. ಇಂದಿನ ಕಲಬುರಗಿ ಜಿಲ್ಲೆಯ ಸೇಡಂ ತಾಲೂಕಿನಲ್ಲಿ, ಕಾಗಿಣಾ ನದಿಯ ದಡದಲ್ಲಿರುವ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಅಲ್ಲಿಂದ ಆಳಿದ ಅಮೋಘವರ್ಷ ನೃಪತುಂಗನ ಕಾಲ 814ರಿಂದ 878. ನಮಗೆ ದೊರೆತಿರುವ ಅತಿ ಹಳೆಯ ಕನ್ನಡ ಗ್ರಂಥ ‘ಕವಿರಾಜಮಾರ್ಗ’ ಅವನ ಆಸ್ಥಾನದ್ದೆಂಬುದು ಎಲ್ಲರಿಗೂ ಗೊತ್ತು. 851ರಲ್ಲಿ ಬರೆಯಲಾದ, ಸುಲೈಮಾನ್ ಎಂಬ ವರ್ತಕನ ಹೆಸರಿನಲ್ಲಿ ಪ್ರಸಿದ್ಧವಾದ ಅರಬ್ಬೀ ವರದಿಯಲ್ಲಿ ಭಾರತದ ದೊರೆಗಳಲ್ಲೆಲ್ಲ ಹಿರಿಯನೆಂದು ‘ಬಲ್ಹರಾ’ನನ್ನು ಹೇಳಿದೆ. ಇದು ರಾಷ್ಟ್ರಕೂಟರ ‘ವಲ್ಲಭರಾಜ’ ಎಂಬ ಬಿರುದಿನ ಅರಬ್ಬೀ ರೂಪ. ಅರಬರನ್ನು ಪ್ರೀತಿಯಿಂದ ಕಾಣುವ ರಾಜ್ಯವಿದು ಎಂದೂ ಆ ವರದಿ ಹೇಳುತ್ತದೆ.

ಇದೇ ಕಾಲದಲ್ಲಿ ಮಹಾವೀರಾಚಾರ್ಯನೆಂಬ ಜೈನ ವಿದ್ವಾಂಸ ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ ಬರೆದ. ಗ್ರಂಥದ ಮೊದಲಲ್ಲಿಯೇ ನೃಪತುಂಗನ ಸ್ತುತಿಯಿದೆ. ಆರ್ಯಭಟ, ಬ್ರಹ್ಮಗುಪ್ತರು ಗಣಿತವನ್ನು ಖಗೋಳಶಾಸ್ತ್ರದ ಒಂದು ಅಧ್ಯಾಯವಾಗಿ ಬರೆದರು. ಮಹಾವೀರಾಚಾರ್ಯ ಗ್ರಹ, ನಕ್ಷತ್ರಗಳ ಗೊಡವೆ ಬಿಟ್ಟು ಗಣಿತಕ್ಕೆಂದೇ ಪುಸ್ತಕ ಮೀಸಲಿಟ್ಟ. ಅಡುಗೆಯಿಂದ ವೈದ್ಯದವರೆಗೆ, ವ್ಯಾಪಾರದಿಂದ ಸಂಗೀತದವರೆಗೆ ಲೋಕದ ಎಲ್ಲ ಕೆಲಸಕ್ಕೂ ಗಣಿತ ಬೇಕು ಎಂಬುದು ಅವನ ನಿಲುವು. ಬಡ್ಡಿ, ಚಿನ್ನದ ಬೆರಕೆ, ಹಣ್ಣುಗಳ ಹಂಚಿಕೆ, ಹೊಂಡದ ಅಗೆತ ಎಲ್ಲವೂ ಅದರಲ್ಲಿವೆ.

‘ಮಿಶ್ರಕ ವ್ಯವಹಾರ’ ಎಂಬ ಆರನೆಯ ಅಧ್ಯಾಯದಲ್ಲಿ ದಾರಿಹೋಕರು ಕಾಣಿಸಿಕೊಳ್ಳುತ್ತಾರೆ. ಒಬ್ಬನ ವೇಗ 6 ಯೋಜನ, ಇನ್ನೊಬ್ಬನದು 3, ದಾರಿಯ ಉದ್ದ 108 ಯೋಜನ. ಚುರುಕಿನವನು ದಾರಿಯ ಕೊನೆ ಮುಟ್ಟಿ ಹಿಂದಿರುಗುತ್ತಾನೆ. ಇಬ್ಬರೂ ಯಾವಾಗ ಎದುರಾಗುತ್ತಾರೆ? ಇಬ್ಬರೂ ಸೇರಿ ನಡೆಯಬೇಕಾದದ್ದು ದಾರಿಯ ಎರಡರಷ್ಟು, 216. ವೇಗಗಳ ಮೊತ್ತ 9. ಉತ್ತರ 24 ದಿನ. ಸೂತ್ರ ಆರ್ಯಭಟನದೇ. ಆದರೆ ಗ್ರಹಗಳ ಜಾಗಕ್ಕೆ ಮನುಷ್ಯರು ಬಂದಿದ್ದಾರೆ. ಇಂದು ಕೋಚಿಂಗ್ ಪುಸ್ತಕಗಳಲ್ಲಿ ಬರುವ ಕಳ್ಳ–ಪೊಲೀಸರ ಲೆಕ್ಕ ಈ ದಾರಿಹೋಕರ ಸಂತತಿ.

ದಿನಕ್ಕೆ ಎಂಟು ಹೆಚ್ಚಿಸುವವನು

ಅಲ್ಲಿಯೇ ಇನ್ನೊಂದು ಲೆಕ್ಕವಿದೆ. ಒಬ್ಬನು ಮೊದಲ ದಿನ 3ರಷ್ಟು ನಡೆಯುತ್ತಾನೆ. ಆಮೇಲೆ ಪ್ರತಿದಿನ ಹಿಂದಿನ ದಿನಕ್ಕಿಂತ 8 ಹೆಚ್ಚು. ಅವನ ಜೊತೆಗೇ ಅದೇ ಸ್ಥಳದಿಂದ ಅದೇ ದಿಕ್ಕಿಗೆ ಹೊರಟ ಇನ್ನೊಬ್ಬನದು ದಿನಕ್ಕೆ 21ರ ಬದಲಾಗದ ನಡಿಗೆ. ಇದಕ್ಕೆ ಗ್ರಂಥದ ಹೆಸರು ‘ಧ್ರುವಗತಿ’. ಇಬ್ಬರೂ ಮತ್ತೆ ಯಾವಾಗ ಸೇರುತ್ತಾರೆ?

ದಿನದಿನದ ಲೆಕ್ಕ ಹಾಕೋಣ. ಮೊದಲನೆಯವನ ನಡಿಗೆ 3, 11, 19, 27, 35, 43. ಎರಡನೆಯವನ ಪಕ್ಕದಲ್ಲಿ ನಿಂತು ನೋಡಿದರೆ ಮೊದಲ ದಿನ ಇವನು 18 ಹಿಂದೆ ಬೀಳುತ್ತಾನೆ. ಎರಡನೆಯ ದಿನ ಇನ್ನೂ 10, ಮೂರನೆಯ ದಿನ ಇನ್ನೂ 2. ಈಗ ಒಟ್ಟು 30 ಹಿಂದೆ. ನಾಲ್ಕನೆಯ ದಿನದಿಂದ ಗಾಳಿ ತಿರುಗುತ್ತದೆ. ಆ ದಿನ 6 ತುಂಬಿಕೊಳ್ಳುತ್ತಾನೆ, ಐದನೆಯ ದಿನ 14. ಉಳಿದ ಅಂತರ 10. ಆರನೆಯ ದಿನ ನಡುವೆ ಎಲ್ಲಿಯೋ ಹಿಡಿಯುತ್ತಾನೆ. ಮೇಲಕ್ಕೆ ಎಸೆದ ಕಲ್ಲು ನಿಧಾನವಾಗುತ್ತ ಹೋಗಿ, ತುದಿಯಲ್ಲಿ ಕ್ಷಣ ನಿಂತು, ಮತ್ತೆ ಕೈಗೆ ಬೀಳುವ ಬಗೆಯೂ ಇದೇ. ಸ್ಥಿರವಾಗಿ ನಡೆಯುವವನ ಕಣ್ಣಿಗೆ ಇನ್ನೊಬ್ಬನ ಪ್ರಯಾಣವೆಲ್ಲ ಇಂಥದೊಂದು ಕಲ್ಲಿನ ಪ್ರಯಾಣ.

ಮಹಾವೀರಾಚಾರ್ಯನ ನಿಯಮ ಹೀಗಿದೆ: ಧ್ರುವಗತಿಯಿಂದ ಮೊದಲ ದಿನದ ಗತಿಯನ್ನು ಕಳೆ, ಹೆಚ್ಚಳದ ಅರ್ಧದಿಂದ ಭಾಗಿಸು, ಬಂದದ್ದಕ್ಕೆ ಒಂದು ಕೂಡಿಸು. 21ರಿಂದ 3 ಕಳೆದರೆ 18. ಎಂಟರ ಅರ್ಧ 4. ಭಾಗಿಸಿದರೆ 4½. ಒಂದು ಕೂಡಿಸಿದರೆ 5½ ದಿನ.

ಇದರ ಹಿಂದಿರುವ ತರ್ಕ ಸರಳ. ಇಬ್ಬರೂ ಒಂದೇ ಕಾಲದಲ್ಲಿ ಒಂದೇ ದೂರ ಹೋಗಬೇಕಾದರೆ ಮೊದಲನೆಯವನ ಸರಾಸರಿ ನಡಿಗೆ 21 ಆಗಬೇಕು. ಸಮವಾಗಿ ಏರುವ ಶ್ರೇಢಿಯ ಸರಾಸರಿ ಎಂದರೆ ಮೊದಲಿನದು ಮತ್ತು ಕೊನೆಯದು ಕೂಡಿಸಿ ಅರ್ಧ ಮಾಡಿದ್ದು. ಮೊದಲಿನದು 3 ಆದ್ದರಿಂದ ಕೊನೆಯದು 39 ಆಗಬೇಕು. ಮೂರರಿಂದ ಮೂವತ್ತೊಂಬತ್ತಕ್ಕೆ ಏರಲು 36 ಬೇಕು, ಎಂಟೆಂಟರಂತೆ 4½ ಏರಿಕೆ. ಆದರೆ ಏರಿಕೆಗಳ ಸಂಖ್ಯೆ ಬೇರೆ, ದಿನಗಳ ಸಂಖ್ಯೆ ಬೇರೆ. ಬೇಲಿಗೆ ಐದು ಕಂಬ ನೆಟ್ಟರೆ ನಡುವೆ ಅಂಕಣ ನಾಲ್ಕೇ. ಮಹಾವೀರಾಚಾರ್ಯ ಎಣಿಸುತ್ತಿರುವುದು ಕಂಬಗಳನ್ನು, ಎಂದರೆ ದಿನಗಳನ್ನು. ಅದಕ್ಕೇ ಒಂದು ಹೆಚ್ಚು.

ಇಲ್ಲೊಂದು ಸೂಕ್ಷ್ಮವಿದೆ. ವೇಗ ಪ್ರತಿದಿನ ಬೆಳಗ್ಗೆ ಮಾತ್ರ ಬದಲಾಗಿ ಸಂಜೆಯವರೆಗೆ ಹಾಗೆಯೇ ಇರುತ್ತದೆಂದು ಹಿಡಿದರೆ, ಆರನೆಯ ದಿನ ಅವನು ತುಂಬಿಕೊಳ್ಳುವುದು 22, ಬೇಕಾದದ್ದು 10. ಆಗ ಉತ್ತರ 5 ದಿನ ಮತ್ತು ದಿನದ 22ರಲ್ಲಿ 10 ಭಾಗ, ಎಂದರೆ ಐದೂವರೆಗೆ ತುಸು ಕಡಿಮೆ. ಮಹಾವೀರಾಚಾರ್ಯನ ನಿಯಮ ಹಾಗೆ ದಿನದ ಬಾಗಿಲಲ್ಲಿ ನಿಲ್ಲುವುದಿಲ್ಲ. ಶ್ರೇಢಿಯನ್ನು ದಿನದ ಒಳಕ್ಕೂ ಎಳೆದು ‘ಐದೂವರೆ ಪದ’ಗಳ ಮೊತ್ತವನ್ನು ಒಪ್ಪುತ್ತದೆ. ಮೆಟ್ಟಿಲಾಗಿ ಹೊರಟ ಲೆಕ್ಕ ಕೊನೆಯ ಮೆಟ್ಟಿಲಲ್ಲಿ ಇಳಿಜಾರಿನಂತೆ ವರ್ತಿಸುತ್ತದೆ.

ಆ ಒಂದು ಎಲ್ಲಿ ಹೋಯಿತು?

ಇದೇ ಅಂಕಿಗಳನ್ನು ಇಂದಿನ ಪಿ.ಯು. ವಿದ್ಯಾರ್ಥಿಯ ಮುಂದಿಡಿ. ಆರಂಭದ ವೇಗ 3, ವೇಗೋತ್ಕರ್ಷ 8, ಇನ್ನೊಬ್ಬನ ಸ್ಥಿರವೇಗ 21. ಅವನ ಉತ್ತರ 4½ ದಿನ. ಕೊನೆಯ ವೇಗ ಅಲ್ಲಿಯೂ 39. ಸೂತ್ರದ ಮೊದಲ ಭಾಗ ಅಕ್ಷರಶಃ ಮಹಾವೀರಾಚಾರ್ಯನದೇ. ಕೊನೆಯ ‘ಒಂದು ಕೂಡಿಸು’ ಮಾತ್ರ ಇಲ್ಲ.

ಯಾರದು ತಪ್ಪು? ಯಾರದೂ ಅಲ್ಲ. ಮಹಾವೀರಾಚಾರ್ಯನ ಮೂರು ಎಂದರೆ ಇಡೀ ಮೊದಲ ದಿನ ನಡೆದ ದೂರ. ವಿದ್ಯಾರ್ಥಿಯ ಮೂರು ಎಂದರೆ ಹೊರಟ ಆ ಗಳಿಗೆಯ ವೇಗ, ಮರುಗಳಿಗೆಯಲ್ಲಿಯೇ ಅದು ಹೆಚ್ಚಾಗಿರುತ್ತದೆ. ಈಗ ದಿನಕ್ಕೊಮ್ಮೆ ಏರುವ ದಾರಿಹೋಕನನ್ನು ಗಂಟೆಗೊಮ್ಮೆ ಸ್ವಲ್ಪಸ್ವಲ್ಪವೇ ಏರುವಂತೆ ಮಾಡೋಣ, ದಿನಕ್ಕೆ ಒಟ್ಟು ಏರಿಕೆ ಮಾತ್ರ ಎಂಟೇ ಇರಲಿ. ಮಹಾವೀರಾಚಾರ್ಯನ ಅದೇ ನಿಯಮ ಹಚ್ಚಿದರೆ ಉತ್ತರ ನಾಲ್ಕೂವರೆ ದಿನ ಮತ್ತು ಒಂದು ಗಂಟೆ. ನಿಮಿಷಕ್ಕೊಮ್ಮೆ ಏರಿದರೆ ನಾಲ್ಕೂವರೆ ದಿನ ಮತ್ತು ಒಂದು ನಿಮಿಷ. ಹೆಜ್ಜೆ ಚಿಕ್ಕದಾದಂತೆ ಆ ‘ಒಂದು’ ಕರಗುತ್ತ ಹೋಗಿ ಕೊನೆಗೆ ಏನೂ ಉಳಿಯುವುದಿಲ್ಲ. ಒಂದು ದಿನದ ವೇಗದಿಂದ ಒಂದು ಕ್ಷಣದ ವೇಗಕ್ಕೆ ಹೋಗುವ ದಾರಿಯೇ ಚಲನೆಯ ವಿಜ್ಞಾನದ ಇತಿಹಾಸ.

ಆ ದಾರಿಯಲ್ಲಿ ಭಾರತದ ಖಗೋಳಜ್ಞರೂ ನಡೆದರು. 1150ರಲ್ಲಿ ‘ಸಿದ್ಧಾಂತಶಿರೋಮಣಿ’ ಬರೆದ ಭಾಸ್ಕರಾಚಾರ್ಯ ಚಂದ್ರನ ವಿಷಯದಲ್ಲಿ ದಿನದ ಗತಿ ಸಾಲದು ಎಂದ. ಚಂದ್ರನ ವೇಗ ದಿನದೊಳಗೇ ಬದಲಾಗುವುದರಿಂದ ಸಮೀಪದ ತಿಥಿ ಮುಗಿಯುವ ಹೊತ್ತನ್ನು ಹೇಳಲು ‘ತಾತ್ಕಾಲಿಕ ಗತಿ’, ಎಂದರೆ ಆ ಕ್ಷಣದ ಗತಿಯೇ ಬೇಕು ಎಂದು ಸ್ಪಷ್ಟವಾಗಿ ಬೇರ್ಪಡಿಸಿದ.

ಕ್ಷಣದ ವೇಗ ಪುಸ್ತಕದ ಕಲ್ಪನೆಯಲ್ಲ ಎಂಬುದಕ್ಕೆ ವಿಜಯನಗರದ ಕಾರ್ಡ್ ರಸ್ತೆಯನ್ನೇ ನೋಡಬಹುದು. ಮೇಲೆ ಮೆಟ್ರೊ ನಿಲ್ದಾಣದಿಂದ ರೈಲು ಹೊರಡುತ್ತದೆ. ಆ ಗಳಿಗೆಯಲ್ಲಿಯೇ ಕೆಳಗೆ ಬೈಕೊಂದು ಗಂಟೆಗೆ 36 ಕಿಲೋಮೀಟರ್, ಎಂದರೆ ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಅದನ್ನು ದಾಟುತ್ತದೆ. ಲೆಕ್ಕಕ್ಕೆ ಸುಲಭವಾಗಲೆಂದು ರೈಲು ಪ್ರತಿ ಸೆಕೆಂಡಿಗೆ ತನ್ನ ವೇಗಕ್ಕೆ 1 ಮೀಟರ್ ಸೇರಿಸಿಕೊಳ್ಳುತ್ತದೆಂದು ಇಟ್ಟುಕೊಳ್ಳೋಣ. ಮೊದಲ 10 ಸೆಕೆಂಡು ಬೈಕಿನವನೇ ಮುಂದೆ ಮುಂದೆ. ಆಗ ಅಂತರ 50 ಮೀಟರ್. ಆ ಕ್ಷಣದಲ್ಲಿ ಎರಡರ ವೇಗವೂ ಸಮ, ಒಬ್ಬರಿಗೊಬ್ಬರು ನಿಂತಂತೆ. ಅಲ್ಲಿಂದಾಚೆಗೆ ರೈಲು ಹತ್ತಿರ ಬರುತ್ತದೆ. 20ನೆಯ ಸೆಕೆಂಡಿಗೆ, 200 ಮೀಟರ್ ದೂರದಲ್ಲಿ ಹಿಡಿಯುತ್ತದೆ. ಆಗ ರೈಲಿನ ವೇಗ ಸೆಕೆಂಡಿಗೆ 20 ಮೀಟರ್, ಬೈಕಿನ ಸರಿಯಾಗಿ ಎರಡರಷ್ಟು. ನಿಂತಲ್ಲಿಂದ ಹೊರಟು ಸಮವಾಗಿ ವೇಗ ಏರಿಸಿಕೊಂಡು ಹಿಡಿಯುವವನು, ವೇಗೋತ್ಕರ್ಷ ಎಷ್ಟೇ ಇರಲಿ, ಹಿಡಿಯುವ ಗಳಿಗೆಯಲ್ಲಿ ಇನ್ನೊಬ್ಬನ ಎರಡರಷ್ಟು ವೇಗದಲ್ಲಿರಲೇಬೇಕು. ಸರಾಸರಿಯ ನಿಯಮವೇ ಅದನ್ನು ಹೇಳುತ್ತದೆ. ಸೂತ್ರ ಮರೆತರೂ ಇಷ್ಟು ನೆನಪಿದ್ದರೆ ಲೆಕ್ಕ ಬಿಡಿಸಬಹುದು.

ಬೀಳುವ ಕಲ್ಲಿನ ಪ್ರಶ್ನೆ

ದಿನಕ್ಕೆ ಎಂಟೆಂಟು ಹೆಚ್ಚಿಸುತ್ತ ನಡೆಯುವ ಮನುಷ್ಯ ಲೋಕದಲ್ಲಿಲ್ಲ. ಅವನು ಶ್ರೇಢಿಯ ಪಾಠಕ್ಕಾಗಿ ಹುಟ್ಟಿದವನು. ಹಾಗಾದರೆ ನಿಸರ್ಗದಲ್ಲಿ ಇಂಥ ದಾರಿಹೋಕ ಯಾರಾದರೂ ಇದ್ದಾನೆಯೇ? ಈ ಪ್ರಶ್ನೆಯನ್ನು ಮಹಾವೀರಾಚಾರ್ಯ ಕೇಳಲಿಲ್ಲ. ಕೇಳಿದವರು ಬೇರೆಯವರು.

ಕೈಬಿಟ್ಟ ಕಲ್ಲು ಬೀಳುತ್ತ ಬೀಳುತ್ತ ಚುರುಕಾಗುವುದೇಕೆ ಎಂಬುದು ಗ್ರೀಕರ ಕಾಲದಿಂದ ಬಂದ ಪ್ರಶ್ನೆ. ವಸ್ತುವಿಗೆ ಕೊಟ್ಟ ನೂಕು ಅದರಲ್ಲಿಯೇ ಉಳಿಯುತ್ತದೆ, ತಡೆಯಿಲ್ಲದ ಶೂನ್ಯದಲ್ಲಿ ಅದು ನಿಲ್ಲಬೇಕಾದ ಕಾರಣವಿಲ್ಲ ಎಂದು ಇಬ್ನ್ ಸೀನಾ (980–1037) ವಾದಿಸಿದ್ದ. ಈ ನೂಕಿಗೆ ಅರಬ್ಬಿಯಲ್ಲಿ ‘ಮೈಲ್’ ಎಂದು ಹೆಸರು, ಒಲವು ಎಂಬ ಅರ್ಥ. ಹನ್ನೆರಡನೆಯ ಶತಮಾನದ ಬಾಗ್ದಾದಿನಲ್ಲಿ ಅಬುಲ್ ಬರಕಾತ್ ಹಿಬತುಲ್ಲಾ ಅದನ್ನು ಒಂದು ಹೆಜ್ಜೆ ಮುಂದೊಯ್ದ. ಅವನು ವೈದ್ಯ, ಯಹೂದಿಯಾಗಿ ಹುಟ್ಟಿ ಇಳಿವಯಸ್ಸಿನಲ್ಲಿ ಇಸ್ಲಾಮಿಗೆ ಬಂದವನು. ತನ್ನ ‘ಕಿತಾಬ್ ಅಲ್-ಮುಅತಬರ್’ನಲ್ಲಿ ಅವನು ಕೊಟ್ಟ ವಿವರಣೆ ಇದು: ಬೀಳುವ ವಸ್ತುವಿನ ಭಾರ ಒಮ್ಮೆ ನೂಕಿ ಸುಮ್ಮನಾಗುವುದಿಲ್ಲ. ಬೀಳುವಾಗಲೂ ಅದು ಹೊಸ ಹೊಸ ಒಲವನ್ನು ಕೊಡುತ್ತಲೇ ಇರುತ್ತದೆ. ಹೊಸದು ಹಳೆಯದಕ್ಕೆ ಸೇರುತ್ತದೆ. ಆದ್ದರಿಂದ ವೇಗ ಏರುತ್ತದೆ. ನಿನ್ನೆಯ ನಡಿಗೆಗೆ ಇಂದು ಎಂಟು ಸೇರಿಸುವ ನಮ್ಮ ದಾರಿಹೋಕ ಇಲ್ಲಿ ಕಲ್ಲಾಗಿ ಬಂದಿದ್ದಾನೆ. ಆದರೆ ಅಬುಲ್ ಬರಕಾತ್ ಕಾರಣ ಹೇಳಿದ, ಲೆಕ್ಕ ಕೊಡಲಿಲ್ಲ. ಮಹಾವೀರಾಚಾರ್ಯ ಲೆಕ್ಕ ಕೊಟ್ಟ, ಕಾರಣದ ಮಾತೆತ್ತಲಿಲ್ಲ. ಒಬ್ಬನ ಪುಸ್ತಕ ಇನ್ನೊಬ್ಬನಿಗೆ ಸಿಕ್ಕಿತ್ತೆನ್ನಲು ಆಧಾರವಿಲ್ಲ.

ಹದಿನಾಲ್ಕನೆಯ ಶತಮಾನದಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡಿನ ಮರ್ಟನ್ ಕಾಲೇಜಿನ ವಿದ್ವಾಂಸರು, 1335ರಲ್ಲಿ ಬರೆದ ಹೇಟ್ಸ್‌ಬರಿ ಅವರಲ್ಲೊಬ್ಬ, ಸಮವಾಗಿ ವೇಗ ಏರುವ ವಸ್ತು ತನ್ನ ಸರಾಸರಿ ವೇಗದಲ್ಲಿ ಹೋದಷ್ಟೇ ದೂರ ಹೋಗುತ್ತದೆ ಎಂಬ ನಿಯಮ ಕೊಟ್ಟರು. ನಮ್ಮವರು ಶ್ರೇಢಿಯಲ್ಲಿ ಬಳಸಿದ ‘ಮೊದಲು, ಕೊನೆ ಕೂಡಿಸಿ ಅರ್ಧ’ ಇದೇ. ಆದರೆ ಇವರು ಅದನ್ನು ದಿನಗಳ ಮೆಟ್ಟಿಲಿಗಲ್ಲ, ಎಡೆಬಿಡದೆ ಏರುವ ವೇಗಕ್ಕೆ ಹೇಳಿದರು. ಫ್ರಾನ್ಸಿನ ಒರೆಮ್ ಅದಕ್ಕೆ ತ್ರಿಕೋನದ ಚಿತ್ರ ಬರೆದು ತೋರಿಸಿದ. ಅವರ ಕೈಯಲ್ಲೂ ಅದು ಊಹೆಯ ಲೆಕ್ಕವೇ ಆಗಿತ್ತು. ಬೀಳುವ ವಸ್ತು ಹೀಗೆಯೇ ಸಮವಾಗಿ ವೇಗ ಪಡೆಯುತ್ತದೆಂದು ಸ್ಪೇನಿನ ಡೊಮಿಂಗೊ ಡಿ ಸೋಟೊ ಹದಿನಾರನೆಯ ಶತಮಾನದ ನಡುವಿನಲ್ಲಿ ಬರೆದ.

ಇದನ್ನು ಅಳೆದು ನೋಡಿದವನು ಗೆಲಿಲಿಯೋ. ನೇರವಾಗಿ ಬೀಳುವ ವಸ್ತು ಕೈಗೆ ಸಿಗದಷ್ಟು ವೇಗವಾಗಿ ಹೋಗುತ್ತದೆ. ಅದಕ್ಕಾಗಿ ಅವನು ಸುಮಾರು 7 ಮೀಟರ್ ಉದ್ದದ ಹಲಗೆಯಲ್ಲಿ ನಯವಾದ ಕಾಲುವೆ ಕೊರೆದು, ಓರೆಯಾಗಿ ನಿಲ್ಲಿಸಿ, ಕಂಚಿನ ಗುಂಡನ್ನು ಉರುಳಿಸಿದ. ಪಾತ್ರೆಯ ಸಣ್ಣ ತೂತಿನಿಂದ ಸುರಿದ ನೀರನ್ನು ತೂಗಿ ಕಾಲ ಅಳೆದ. ಗೃಹಬಂಧನದಲ್ಲಿದ್ದಾಗ, 1638ರಲ್ಲಿ ಹಾಲೆಂಡಿನ ಲೈಡನ್ನಿನಲ್ಲಿ ಅಚ್ಚಾದ ಅವನ ಪುಸ್ತಕದಲ್ಲಿ ಫಲಿತಾಂಶವಿದೆ. ಸಮಕಾಲಗಳಲ್ಲಿ ಗುಂಡು ಹೋಗುವ ದೂರಗಳು 1, 3, 5, 7 ಎಂದು ಏರುತ್ತವೆ.

ಈ ಅಂಕಿಗಳನ್ನು ಮಹಾವೀರಾಚಾರ್ಯನಿಗೆ ತೋರಿಸಿದ್ದರೆ ಅವನು ತಕ್ಷಣ ಗುರುತಿಸುತ್ತಿದ್ದ. ಆದಿ 1, ಚಯ 2 ಇರುವ ಶ್ರೇಢಿ ಇದು. ಇನ್ನೂ ಒಂದು ಚಂದವಿದೆ. ಇಲ್ಲಿ ಮೊದಲ ಪದ ಹೆಚ್ಚಳದ ಸರಿಯಾಗಿ ಅರ್ಧ. ಹಾಗಿದ್ದಾಗ ಮಹಾವೀರಾಚಾರ್ಯನ ನಿಯಮದಲ್ಲಿ ಕೊನೆಗೆ ಕೂಡಿಸುವ ಒಂದು, ಮೊದಲಲ್ಲಿ ಕಳೆದದ್ದರ ಜೊತೆ ವಜಾ ಆಗಿ ಇಂದಿನ ಸೂತ್ರವೇ ನೇರವಾಗಿ ಸಿಗುತ್ತದೆ. ಬೇಕಾದರೆ ಮೂರರ ಬದಲು ನಾಲ್ಕಿಟ್ಟು ನೋಡಿ. 21ರಿಂದ 4 ಕಳೆದರೆ 17, ನಾಲ್ಕರಿಂದ ಭಾಗಿಸಿದರೆ 4¼, ಒಂದು ಕೂಡಿಸಿದರೆ 5¼. ನಿಂತಲ್ಲಿಂದ ಹೊರಡುವವನಿಗೆ ಪಿ.ಯು. ಸೂತ್ರದಿಂದ 42ನ್ನು 8ರಿಂದ ಭಾಗಿಸಿದರೂ 5¼. ಮಾನ್ಯಖೇಟದ ಕಾಲದ ನಿಯಮವೂ ಪಡುವಾದ ಪ್ರಯೋಗವೂ ಇಲ್ಲಿ ಕೈಕುಲುಕುತ್ತವೆ. ಯಾವ ಶ್ರೇಢಿಯನ್ನು ಬೇಕಾದರೂ ಗಣಿತಜ್ಞ ಬರೆಯಬಹುದು. ಅವುಗಳಲ್ಲಿ ನಿಸರ್ಗ ಆರಿಸಿಕೊಂಡದ್ದು ಯಾವುದೆಂದು ಕೇಳಿ, ಉತ್ತರಕ್ಕಾಗಿ ಹಲಗೆಯ ಮುಂದೆ ಕುಳಿತದ್ದು ಗೆಲಿಲಿಯೋನ ಹಿರಿಮೆ.

ಸಾಪೇಕ್ಷ ಚಲನೆಗೂ ಅವನು ಹೊಸ ಬಲ ಕೊಟ್ಟ. 1632ರ ಸಂವಾದಗ್ರಂಥದಲ್ಲಿ ಹಡಗಿನ ಮುಚ್ಚಿದ ಕೋಣೆಯ ವರ್ಣನೆಯಿದೆ. ಹಡಗು ಸಮವೇಗದಲ್ಲಿ ಸಾಗುತ್ತಿದ್ದರೆ ಒಳಗೆ ತೊಟ್ಟಿಕ್ಕುವ ನೀರು ನೇರ ಕೆಳಗೇ ಬೀಳುತ್ತದೆ, ಹಾರುವ ಚಿಟ್ಟೆಗಳು ಹಿಂದೆ ಬೀಳುವುದಿಲ್ಲ. ಒಳಗಿನ ಯಾವ ಪರೀಕ್ಷೆಯಿಂದಲೂ ಹಡಗು ಚಲಿಸುತ್ತಿದೆಯೇ ನಿಂತಿದೆಯೇ ಎಂದು ಹೇಳಲಾಗದು. ಆರ್ಯಭಟನ ದೋಣಿಯಲ್ಲಿ ಕಣ್ಣಿಗೆ ಆದ ಭ್ರಮೆ ಇಲ್ಲಿ ಭೌತಶಾಸ್ತ್ರದ ನಿಯಮವಾಯಿತು. ಭೂಮಿ ತಿರುಗಿದರೆ ಹಕ್ಕಿಗಳು ಗೂಡಿಗೆ ಮರಳುವುದು ಹೇಗೆಂಬ ಹಳೆಯ ಆಕ್ಷೇಪಕ್ಕೂ ಉತ್ತರ ಸಿಕ್ಕಿತು.

ಹಂಚಿಕೊಂಡ ಹೆಮ್ಮೆ

ಈ ಕಥೆಯನ್ನು ಹೇಳುವಾಗ ಎರಡು ಬಗೆಯ ಅತಿರೇಕಗಳನ್ನು ನಾವು ಕೇಳುತ್ತೇವೆ. ಒಂದು, ಎಲ್ಲವೂ ನಮ್ಮಲ್ಲೇ ಇತ್ತು, ಬೇರೆಯವರು ಕದ್ದರು ಎಂಬುದು. ಮಹಾವೀರಾಚಾರ್ಯ ಬೀಳುವ ಕಲ್ಲಿನ ನಿಯಮ ಕಂಡುಹಿಡಿದನೆಂದರೆ ಅದು ಸುಳ್ಳು. ಅವನ ಪುಸ್ತಕದಲ್ಲಿರುವುದು ದಾರಿಹೋಕನ ಲೆಕ್ಕ. ಇನ್ನೊಂದು, ಗೆಲಿಲಿಯೋಗೆ ಮೊದಲು ಜಗತ್ತು ಕತ್ತಲಲ್ಲಿತ್ತು, ಅರಬರು ಹೆಚ್ಚೆಂದರೆ ಗ್ರೀಕರ ಪುಸ್ತಕ ಕಾಯ್ದಿಟ್ಟ ಅಂಚೆಯವರು ಎಂಬುದು. ಇದೂ ಅಷ್ಟೇ ಸುಳ್ಳು. ಕುಸುಮಪುರದ ಖಗೋಳಜ್ಞ, ರಾಷ್ಟ್ರಕೂಟರ ಕಾಲದ ಜೈನ ಆಚಾರ್ಯ, ಘಜ್ನಿಯ ಆಸ್ಥಾನದಲ್ಲಿದ್ದು ಸಂಸ್ಕೃತ ಕಲಿತ ಬಿರೂನಿ, ಬಾಗ್ದಾದಿನ ವೈದ್ಯ, ಆಕ್ಸ್‌ಫರ್ಡಿನ ಪಾದ್ರಿಗಳು, ಇಟಲಿಯ ಬಂಧಿ, ಎಲ್ಲರೂ ಒಂದೊಂದು ತುಂಡು ಕೊಟ್ಟಿದ್ದಾರೆ. ಒಬ್ಬರ ತುಂಡನ್ನು ದೊಡ್ಡದು ಮಾಡಲು ಇನ್ನೊಬ್ಬರದನ್ನು ಅಳಿಸಬೇಕಾಗಿಲ್ಲ.

ಗಣಿತಸಾರಸಂಗ್ರಹ ನಮಗೆ ಉಳಿದು ಬಂದ ಬಗೆಯೂ ಹೀಗೆಯೇ ಹಲವು ಕೈಗಳದ್ದು. ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನ ಅದನ್ನು ತೆಲುಗಿಗೆ ತಂದ. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲಿಯೇ ‘ವ್ಯವಹಾರಗಣಿತ’ ಬರೆದು ಈ ವಿದ್ಯೆಯನ್ನು ನಮ್ಮ ಭಾಷೆಗೆ ಒಗ್ಗಿಸಿದ. ಮೂಡಬಿದಿರೆಯ ಜೈನ ಭಂಡಾರದಲ್ಲಿ ಕನ್ನಡ ಲಿಪಿಯ ತಾಳೆಗರಿಯಾಗಿ, ಮೈಸೂರಿನಲ್ಲಿ ವಲ್ಲಭನೆಂಬವನ ಕನ್ನಡ ಟೀಕೆಯ ಜೊತೆಗೆ ಮೂಲಗ್ರಂಥ ಉಳಿದಿತ್ತು. ಇಂಥ ಪ್ರತಿಗಳನ್ನು ಹೋಲಿಸಿ ಎಂ. ರಂಗಾಚಾರ್ಯರು 1912ರಲ್ಲಿ ಮದರಾಸಿನಿಂದ ಇಂಗ್ಲಿಷ್ ಅನುವಾದದೊಂದಿಗೆ ಪ್ರಕಟಿಸಿದರು. 2000ರಲ್ಲಿ ಹೊಂಬುಜದ ಜೈನ ಮಠ ಡಾ. ಪದ್ಮಾವತಮ್ಮನವರ ಕನ್ನಡ ಅನುವಾದವನ್ನು ಹೊರತಂದಿತು. ಕನ್ನಡ ಬಲ್ಲ ಯಾವ ಮೇಷ್ಟರೂ ಈಗ ಅದನ್ನು ಓದಬಹುದು.

ಓದಿದರೆ ಒಳ್ಳೆಯದು. ಕೋಚಿಂಗ್ ತರಗತಿಯಲ್ಲಿ ಸೂತ್ರ ಸಿಗುತ್ತದೆ, ಆದರೆ ಆ ಸೂತ್ರ ಏಕೆ ಎಂಬ ಪ್ರಶ್ನೆಗೆ ಅಲ್ಲಿ ಸಮಯವಿರುವುದಿಲ್ಲ. ಪರೀಕ್ಷೆ ಮುಗಿದ ಮರುದಿನ ಸೂತ್ರವೂ ಮರೆತುಹೋಗುತ್ತದೆ. ಸೇಡಂ ತಾಲೂಕಿನಿಂದ ವಿಜಯನಗರಕ್ಕೆ ಬಂದ ಹುಡುಗಿಯೊಬ್ಬಳು, ತನ್ನ ಜಿಲ್ಲೆಯಿಂದ ಆಳಿದ ದೊರೆಯ ಕಾಲದಲ್ಲಿ ಬರೆದ ಲೆಕ್ಕವನ್ನು ಪರದೇಶದ ವಿದ್ಯೆಯೆಂದು ಹೆದರಿ ಕಲಿಯುವುದು ವಿಷಾದದ ಸಂಗತಿ. ಪಿ.ಯು. ತರಗತಿಯ ಶಿಕ್ಷಕರು ಒಂದು ದಿನ 3, 8, 21ರ ಲೆಕ್ಕವನ್ನು ಕರಿಹಲಗೆಯ ಮೇಲೆ ಬರೆಯಲಿ. ಮಹಾವೀರಾಚಾರ್ಯನ ಉತ್ತರ 5½, ಪುಸ್ತಕದ ಸೂತ್ರದ ಉತ್ತರ 4½, ಇಬ್ಬರೂ ಸರಿ, ಹೇಗೆ ಎಂದು ಕೇಳಲಿ. ಕಂಬಕ್ಕೂ ಅಂಕಣಕ್ಕೂ ಇರುವ ವ್ಯತ್ಯಾಸವನ್ನು ತಾನೇ ಕಂಡುಕೊಂಡ ವಿದ್ಯಾರ್ಥಿಗೆ ವೇಗೋತ್ಕರ್ಷವೆಂದರೇನೆಂದು ಮತ್ತೆ ಬಾಯಿಪಾಠ ಮಾಡಿಸಬೇಕಾಗಿಲ್ಲ.